ಬೀಜದ ಚೀಲದ ಅಡಿಬಟ್ಟೆ

ದರ್ಜಿಯ ಕತ್ತರಿಯಿಂದ ಉದುರಿದ ಚೂರಿಗೆ ತನ್ನದೇ ನಿಲುವು ಇರುವುದಿಲ್ಲ. ಒಂದು ಓರೆಯಾಗಿ ಜಗ್ಗುತ್ತದೆ, ಇನ್ನೊಂದು ಅಂಚು ಬಿಡುತ್ತದೆ, ಮತ್ತೊಂದು ಮೊದಲ ಒಗೆತಕ್ಕೇ ಕುಗ್ಗಿ ಪಕ್ಕದ್ದನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಅದಕ್ಕೇ ಚೂರುಗಳ ಕೆಳಗೆ ಒಂದು ಅಡಿಬಟ್ಟೆ ಬೇಕು. ಒಂಬತ್ತು ಇಂಚಿನ ಚೌಕ ಕತ್ತರಿಸಿ, ನಡುವೆ ಒಂದು ಚೂರು ಇಟ್ಟು, ಅದರ ಮೇಲೆ ಎರಡನೆಯದನ್ನು ಮುಖಕ್ಕೆ ಮುಖ ಮಾಡಿ ಕೂರಿಸಿ, ಅಡಿಬಟ್ಟೆಯ ಸಮೇತ ಒಂದು ಅಂಚು ಹೊಲಿದು, ಮಗುಚಿ, ಉಗುರಿನಿಂದ ತೀಡಬೇಕು. ಚೌಕ ತುಂಬುವವರೆಗೆ ಹೀಗೇ. ತುಂಬಿದ ಮೇಲೆ ಅಡಿಬಟ್ಟೆ ಒಳಗೆ ಮುಚ್ಚಿಹೋಗುತ್ತದೆ. ನೋಡಿದವರು ಮೇಲಿನ ಬಣ್ಣಗಳನ್ನು ಹೊಗಳುತ್ತಾರೆ. ಒಳಗಿರುವುದು ಏನು, ಎಲ್ಲಿಂದ ಬಂತು ಎನ್ನುವುದು ಆರಿಸಿದವಳಿಗೆ ಮಾತ್ರ ಗೊತ್ತು.

ಆರಿಸಿದವಳು ನಾನು.

ಅರವತ್ತರ ದಶಕದ ನಡುವಿನ ಮಾತು. ಹೆಬ್ಬಾಳದ ಕೆರೆ ದಾಟಿ ಯಲಹಂಕದ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಾನ್ವೆಂಟ್, ಅದರ ಹಿಂದೆ ಹೆಂಚಿನ ಮಾಡಿನ ಉದ್ದನೆಯ ವರ್ಕ್‌ರೂಮ್. ನಾನು ಅಲ್ಲಿ ಹೊಲಿಗೆಯ ಮೇಲ್ವಿಚಾರಕಿ. ವರ್ಕ್‌ರೂಮಿನ ಪಕ್ಕದಲ್ಲೇ ನರ್ಸರಿ. ಯಾರೋ ಬಿಟ್ಟುಹೋದ ಹಸುಗೂಸುಗಳು ಅಲ್ಲಿ ಬೆಳೆಯುತ್ತಿದ್ದವು. ಆ ಮನೆಯ ಪದ್ಧತಿಯೊಂದಿತ್ತು. ಪ್ರತಿ ಮಗುವಿಗೂ ಅದರದೇ ಒಂದು ಕ್ವಿಲ್ಟ್. ಮಗುವನ್ನು ಯಾರಾದರೂ ದತ್ತು ತೆಗೆದುಕೊಂಡರೆ ಕ್ವಿಲ್ಟ್ ಅದರ ಜೊತೆಗೇ ಹೋಗಬೇಕು. ಬೇರೇನೂ ಹೋಗುವಂತಿರಲಿಲ್ಲ, ನಾವಿಟ್ಟ ಹೆಸರು ಕೂಡ.

ಆ ವರ್ಷ ಚಳಿಗೆ ಮುಂಚೆ ಹನ್ನೆರಡು ಕ್ವಿಲ್ಟ್ ಬೇಕೆಂದು ಮದರ್ ಸುಪೀರಿಯರ್ ಹೇಳಿದರು. ಒಂದಕ್ಕೆ ಇಪ್ಪತ್ತು ಚೌಕ. ಚೂರುಗಳನ್ನು ದರ್ಜಿಗಳು ಧರ್ಮಕ್ಕೆ ಕೊಡುತ್ತಿದ್ದರು. ಕೊಳ್ಳಬೇಕಾದದ್ದು ಅಡಿಬಟ್ಟೆ ಒಂದೇ. "ನಥಿಂಗ್ ಫ್ಯಾನ್ಸಿ, ಚೈಲ್ಡ್. ಚೀಪ್ ಆಂಡ್ ಕ್ಲೀನ್," ಅಂದರು ಮದರ್.

ಮೊದಲು ನ್ಯೂಸ್‌ಪೇಪರ್ ನೋಡಿದೆ. ಹೊಲಿಯಲು ಸಲೀಸು, ಆದರೆ ಶಾಯಿ ತಿಳಿಬಣ್ಣದ ಚೂರಿಗೆ ಹತ್ತಿತು, ಕೊನೆಗೆ ಕಾಗದ ಹರಿದು ತೆಗೆಯುವಾಗ ಟಾಕೆಯೂ ಕಿತ್ತುಬಂತು. ಆಸ್ಪತ್ರೆಗಳ ಬ್ಯಾಂಡೇಜ್ ಬಟ್ಟೆ ಬಲೆಯಂತೆ, ಸೂಜಿ ಹಿಡಿಯದು. ಕಾನ್ವೆಂಟಿನ ಬೋರ್ಡಿಂಗಿನ ಹಳೇ ಬೆಡ್‌ಶೀಟು ನಡುವೆ ಸವೆದಿತ್ತು. ಅಂಚಿನಲ್ಲಿ ಗಟ್ಟಿ, ನಡುವೆ ಉಸಿರಾಡಿದರೆ ಹರಿಯುತ್ತಿತ್ತು. ಬಿಳುಪು ಮಾಡದ ಮಾರ್ಕಿನ್ ಬಟ್ಟೆ ಚೆನ್ನಾಗಿತ್ತು, ಆದರೆ ಮಾದರಿಯನ್ನು ನೆನೆಸಿ ಒಣಗಿಸಿದರೆ ಒಂಬತ್ತು ಇಂಚು ಎಂಟೂಕಾಲು ಆಯಿತು. ಹಾಲಿನ ಪುಡಿಯ ಚೀಲ ಎಷ್ಟು ದಪ್ಪವೆಂದರೆ ನಾಲ್ಕು ಚೌಕ ಸೇರುವ ಮೂಲೆಯಲ್ಲಿ ಮಷೀನಿನ ಸೂಜಿಯೇ ಮುರಿಯಿತು.

ಕತ್ತರಿಸುವ ಕೆಲಸ ಹೆಬ್ಬಾಳದ ಹಳೇ ಊರಿನ ಒಬ್ಬ ಹೆಂಗಸಿನದು. ವಯಸ್ಸಿನಲ್ಲಿ ನನ್ನ ತಾಯಿಯಷ್ಟು. ಎಲ್ಲರೂ ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ನಮ್ಮ ಕ್ವಿಲ್ಟ್ ಅವಳ ಬಾಯಲ್ಲಿ ಬೊಂತೆ.

"ನಮ್ ಕಡೆ ಬೊಂತೆಗೆ ಅಡೀಗೆ ಏನಾಕ್ತೀವಿ ಗೊತ್ತಾ ಮಿಸ್ಸಮ್ಮ? ಮನೇರ ಅಳೇ ಸೀರೆ. ಗೊತ್ತಿರೋ ಮೈಮ್ಯಾಲಿಂದು. ಮಗ ಅದ್ರ ಮ್ಯಾಲೆ ಮನಿಕ್ಕೊಳ್ತೈತೆ ನೋಡಿ."

"ಇನ್ನೂರ ನಲವತ್ತು ಚೌಕಕ್ಕೆ ಯಾರ ಸೀರೆ ತರ್ತೀರ?"

"ಅದೂ ದಿಟವೇಯ," ಎಂದು ಕತ್ತರಿ ಕೈಗೆತ್ತಿಕೊಂಡಳು.

ಆ ವಾರವೇ ಯಶವಂತಪುರದ ಒಬ್ಬ ಬೀಜದ ವ್ಯಾಪಾರಿ ಚೀಲ ತಂದ. ಯಾರೋ ನಮ್ಮ ವಿಷಯ ಹೇಳಿದ್ದರಂತೆ. ಜಟಕಾದಿಂದ ಕಟ್ಟು ಇಳಿಸಿ ಒಂದನ್ನು ಬಿಡಿಸಿ ನನ್ನ ಕೈಗಿತ್ತ. ಹೊಸದಾಗಿ ಬರುತ್ತಿದ್ದ ಹೈಬ್ರಿಡ್ ಜೋಳದ ಬೀಜ ತುಂಬಿ ಬಂದ ಚೀಲಗಳು. ಬಿಳಿ, ಒತ್ತಾದ ನೇಯ್ಗೆ, ಕೈಗೆ ಮೆತ್ತಗೆ. ಎರಡು ಬೆರಳ ನಡುವೆ ಹಿಡಿದು ಓರೆಯಾಗಿ ಎಳೆದೆ. ಜಗ್ಗಲಿಲ್ಲ. ನನಗೆ ಬೇಕಾದದ್ದು ಅದೇ.

"ಮಲ್‌ಮಲ್ ಇದ್ದಂಗೈತೆ ನೋಡಿ ಮೇಡಮ್," ಅಂದ.

"ಈ ಗುಲಾಬಿ ಪುಡಿ ಏನ್ರೀ?"

"ಬಣ್ಣ ಕಣ್ರೀ. ತಿನ್ನೋ ಜೋಳ ಯಾವ್ದು, ಬಿತ್ತೋ ಜೋಳ ಯಾವ್ದು ಅಂತ ಗೊತ್ತಾಗ್ಲಿ ಅಂತ ಹಾಕಿರ್ತಾರೆ. ಒಂದ್ಸಲ ನೆನ್ಸಿದ್ರೆ ಹೋಗುತ್ತೆ."

ಚೀಲದ ಒಂದು ಬದಿಯಲ್ಲಿ ಕೆಂಪು ಇಂಗ್ಲಿಷ್ ಅಕ್ಷರಗಳಿದ್ದವು. ನಾನು ನೇಯ್ಗೆಯ ಎಳೆ ಎಣಿಸುತ್ತಿದ್ದೆ. ಕತ್ತರಿಯಮ್ಮ ಆ ಅಕ್ಷರಗಳ ಮೇಲೆ ಬೆರಳಿಟ್ಟು, "ಏನ್ ಬರ್ದವ್ರೆ ಮಿಸ್ಸಮ್ಮ?" ಅಂದಳು.

"ಬೀಜದ ಹೆಸರಿರಬೇಕು. ಇನ್ನೇನು? ಹೇಗೂ ಒಳಗಡೆ ಹೋಗುತ್ತಲ್ಲ, ಯಾರಿಗೆ ಕಾಣುತ್ತೆ."

"ಓದ್ ನೋಡಾಕಿಲ್ವಾ?"

ಮಷೀನಿನ ಬಳಿಯಿದ್ದ ಅಟ್ಟೂರಿನ ಹುಡುಗಿ ನಕ್ಕಳು. "ದಪ್ಪ್ ದಪ್ಪ್ ಬುಕ್ಕೇ ಓದಿ ಬಿಸಾಕವ್ರೆ, ಚೀಲ ಓದ್ತಾರಾ ನಮ್ ಮಿಸ್ಸಮ್ಮ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕೋಣೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

ಅರವತ್ತು ಚೀಲ ತೆಗೆದುಕೊಂಡೆವು. ಹೊಲಿಗೆ ಬಿಚ್ಚಿ, ಒದರಿ, ಅಕ್ಷರದ ಮೇಲೆ ಸೀಮೆಎಣ್ಣೆ ಉಜ್ಜಿ, ಒಂದು ರಾತ್ರಿ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಕಲ್ಲಿನ ಮೇಲೆ ಕುಕ್ಕಿದೆವು. ತೊಟ್ಟಿಯ ನೀರು ಗುಲಾಬಿ ಷರಬತ್ತಿನ ಹಾಗಾಯಿತು. ಅದನ್ನು ಹಿತ್ತಲ ಸೀಬೆಮರದ ಬುಡಕ್ಕೆ ಹೋಗುವ ಕಾಲುವೆಗೆ ಬಿಟ್ಟೆವು. ಮೂರನೆಯ ಒಗೆತಕ್ಕೆ ನೀರು ತಿಳಿಯಾಯಿತು. ಅಕ್ಷರ ಪೂರ್ತಿ ಹೋಗಲಿಲ್ಲ, ನೆರಳಿನಂತೆ ಉಳಿಯಿತು. ಅಳತೆ ಮಾತ್ರ ಒಂದು ನೂಲೂ ಕುಗ್ಗಿರಲಿಲ್ಲ. "ಪರ್ಫೆಕ್ಟ್," ಎಂದು ನಾನು ಗಟ್ಟಿಯಾಗಿಯೇ ಅಂದ ನೆನಪು.

ಮೂರು ದಿನದ ಮೇಲೆ ಕಾಲುವೆಯ ಪಕ್ಕದ ಮಣ್ಣಿನಲ್ಲಿ ಎರೆಹುಳುಗಳು ಮೇಲೆ ಬಂದು ಸತ್ತು ಬಿದ್ದಿದ್ದವು. ಒಂದಲ್ಲ ಎರಡಲ್ಲ, ಹಗ್ಗದ ಚೂರು ಚೆಲ್ಲಿದ ಹಾಗೆ. ಎರಡು ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಸೋಡಾ ಜಾಸ್ತಿಯಾಯಿತು ಅಂದುಕೊಂಡೆ.

ಹೊಲಿಗೆ ಭರದಿಂದ ಸಾಗಿತು. ನಾಲ್ವರು ಹೆಂಗಸರು, ದಿನಕ್ಕೆ ಹತ್ತು ಹನ್ನೆರಡು ಚೌಕ. ಎರಡನೆಯ ವಾರ ಅಟ್ಟೂರಿನ ಹುಡುಗಿಯ ಬೆರಳುಸಂದಿಯಲ್ಲಿ ನೀರುಗುಳ್ಳೆ ಎದ್ದವು. ಆಮೇಲೆ ಕತ್ತರಿಯಮ್ಮನ ತುಟಿ ಒಡೆಯಿತು. ಆಮೇಲೆ ಇನ್ನಿಬ್ಬರದು.

"ಬಾಯೆಲ್ಲ ಒಂಥರಾ ಮಿಸ್ಸಮ್ಮ. ಅಳೇ ತಾಮ್ರದ ಕಾಸು ನಾಲ್ಗೆ ಮ್ಯಾಲೆ ಮಡಿಕ್ಕೊಂಡಂಗೆ."

"ಎಲೆ ಅಡಿಕೆ ಜೊತೆ ಸುಣ್ಣ ಕಮ್ಮಿ ಹಾಕ್ಕೊಳ್ಳಿ ಕತ್ತರಿಯಮ್ಮ."

"ನಾನು ಎಲೆ ಆಕೋದು ಬಿಟ್ಟು ವಾರ ಆಯ್ತು ಕಣಮ್ಮ. ರುಚೀನೇ ಇಲ್ಲ."

ನನ್ನ ತುಟಿಗೆ ಏನೂ ಆಗಿರಲಿಲ್ಲ. ಅದು ಏಕೆಂದು ಆಗ ಯೋಚಿಸಲಿಲ್ಲ. ಆ ಹೆಂಗಸರು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದರು. ಚೌಕವನ್ನು ಮಗುಚುವಾಗ ಅಡಿಬಟ್ಟೆಯ ಅಂಚನ್ನು ತುಟಿಯಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಎರಡು ಕೈ ಸಾಲದಿದ್ದರೆ ಬಾಯೇ ಮೂರನೆಯ ಕೈ. ನನಗೆ ಚಿಕ್ಕಂದಿನಲ್ಲೇ ಸಿಸ್ಟರ್ ಒಬ್ಬರು ಬೆರಳಗಂಟಿನ ಮೇಲೆ ಫೂಟ್‌ರೂಲರಿನಿಂದ ಹೊಡೆದು ಕಲಿಸಿದ್ದರು: ಲೇಡೀಸ್ ಡು ನಾಟ್ ಬೈಟ್. ನಾನು ಸಣ್ಣ ಕತ್ತರಿ ಬಳಸುತ್ತಿದ್ದೆ. ಒಳ್ಳೆಯ ಅಭ್ಯಾಸ ನನ್ನನ್ನು ಉಳಿಸಿತು, ನನ್ನ ಕಣ್ಣನ್ನೂ ಮುಚ್ಚಿಸಿತು.

ಹನ್ನೆರಡೂ ಮುಗಿದವು. ಹಿಂಬದಿಗೆ ತೆಳು ಬಿಳಿ ಬಟ್ಟೆ ಹಚ್ಚಿ, ಅಂಚು ಕಟ್ಟಿ, ನರ್ಸರಿಗೆ ಕೊಟ್ಟೆವು. ಕತ್ತರಿಯಮ್ಮ ಪೂರ್ತಿ ತನ್ನ ಕೈಯಲ್ಲೇ ಮಾಡಿದ್ದು ಹನ್ನೆರಡನೆಯದು. ಅದು ಕಿಟಕಿಯ ಪಕ್ಕದ ತೊಟ್ಟಿಲಿನ, ಎಂಟು ತಿಂಗಳ ಹೆಣ್ಣುಮಗುವಿಗೆ ಹೋಯಿತು.

ಒಂದು ತಿಂಗಳಾಗಿರಬಹುದು. ನರ್ಸರಿಯ ಸಿಸ್ಟರ್ ಹೊಲಿಗೆಯ ಕೋಣೆಗೆ ಬಂದು ನಿಂತರು. ನಿದ್ದೆಗೆಟ್ಟ ಕಣ್ಣು. ಎರಡು ಮಕ್ಕಳು ಹಗಲೂ ರಾತ್ರಿ ಅಳುತ್ತಿವೆ, ಹೊದಿಸಿದರೆ ಬೆವರುತ್ತವೆ, ಅಂಗೈ ಅಂಗಾಲು ಗುಲಾಬಿಯಾಗಿ ಸಿಪ್ಪೆ ಏಳುತ್ತಿದೆ ಅಂದರು. ಡಾಕ್ಟರು ನೋಡಿದ್ದಾರೆ, ಹಲ್ಲು ಬರುವ ಕಾಲ ಅಂದಿದ್ದಾರೆ.

"ಟೀಥಿಂಗಿಗೆ ಅಂಗಾಲು ಸಿಪ್ಪೆ ಏಳುತ್ತದಾ?" ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರುತ್ತದೆ ಎನ್ನುವ ಹಾಗೆ.

ಗುಲಾಬಿ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ ನರ್ಸರಿಯ ಹಗ್ಗದ ಮೇಲೆ ಕ್ವಿಲ್ಟುಗಳು ಒಣಗುತ್ತಿದ್ದವು. ಕೆರೆಯ ಕಡೆಯಿಂದ ಎಳೆಬಿಸಿಲು ಅವುಗಳ ಮೂಲಕ ಬರುತ್ತಿತ್ತು. ನಾನು ಹಿಂಬದಿಯಿಂದ ನಡೆದುಹೋಗುತ್ತಿದ್ದೆ. ತಿಳಿಬಣ್ಣದ ಚೂರುಗಳಿದ್ದ ಕಡೆಯೆಲ್ಲ ಒಳಗಿನ ಅಕ್ಷರ ಎದ್ದು ಕಾಣುತ್ತಿತ್ತು. ಒಂದು ಚೌಕದಲ್ಲಿ 'ನಾಟ್'. ಎರಡು ಚೌಕ ಬಿಟ್ಟು, ತಲೆಕೆಳಗಾಗಿ, 'ಫುಡ್'.

ಆ ಕ್ವಿಲ್ಟನ್ನು ಹಗ್ಗದಿಂದ ಎಳೆದುಕೊಂಡು ಹೊಲಿಗೆಯ ಕೋಣೆಗೆ ಓಡಿದೆ. ಬ್ಲೇಡಿನಿಂದ ಹಿಂಬದಿ ಬಿಚ್ಚಿ, ಚೌಕಗಳನ್ನು ಬೇರೆ ಮಾಡಿ, ಕತ್ತರಿಸುವ ಮೇಜಿನ ಮೇಲೆ ಅಕ್ಷರ ಮೇಲಾಗಿ ಹರಡಿದೆ. ಕತ್ತರಿಯಮ್ಮ ಬಂದು, ಯಾವ ತುಂಡು ಯಾವ ತುಂಡಿನ ಪಕ್ಕದ್ದೆಂದು ನೇಯ್ಗೆಯ ಅಂಚು ನೋಡಿ ಜೋಡಿಸಿದಳು. ಅವಳೇ ಕತ್ತರಿಸಿದ್ದಲ್ಲವೆ? ನಾಲ್ಕು ಚೌಕ ಒಂದಾದವು, ಚೀಲದ ಒಂದು ಬದಿ ಮತ್ತೆ ಪೂರ್ತಿಯಾಯಿತು.

"ಈಗ್ಲಾದ್ರೂ ಓದಿ ಮಿಸ್ಸಮ್ಮ," ಅಂದಳು.

ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅವರಿಗಾಗಿ ಕನ್ನಡದಲ್ಲಿ. ಔಷಧಿ ಹಾಕಿದ ಬೀಜ. ತಿನ್ನಬಾರದು. ವಿಷ. ಖಾಲಿಯಾದ ಮೇಲೆ ಚೀಲವನ್ನು ನಾಶಮಾಡಿ.

ಅಟ್ಟೂರಿನ ಹುಡುಗಿ ತನ್ನ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ಡಾಕ್ಟರು ಬಂದು ತುಂಡುಗಳನ್ನು ಮುಟ್ಟದೆಯೇ ನೋಡಿದರು. ಬೀಜಕ್ಕೆ ಬೂಷ್ಟು ಹಿಡಿಯದಿರಲೆಂದು ಬೆರೆಸುವ ಪಾದರಸದ ಪುಡಿ ಅದು. ಗುಲಾಬಿ ಬಣ್ಣವನ್ನು ಸೇರಿಸುವುದೇ ಎಚ್ಚರಿಕೆಗಾಗಿ. ಬಣ್ಣ ನೀರಿಗೆ ಹೋಗುತ್ತದೆ, ಪಾದರಸ ಅಷ್ಟು ಸುಲಭವಾಗಿ ನೂಲು ಬಿಡುವುದಿಲ್ಲ. "ನೀವು ಒಗೆದದ್ದು ಬಣ್ಣವನ್ನಷ್ಟೇ," ಅಂದರು. ಸುಡಬಾರದು, ಹೊಗೆಯೂ ಒಳ್ಳೆಯದಲ್ಲ. ಆಳವಾಗಿ ಹೂಳಿ ಅಂದರು.

ಆ ದಿನವೇ ನರ್ಸರಿಯಿಂದ ಕ್ವಿಲ್ಟುಗಳನ್ನೆಲ್ಲ ತಂದೆವು. ಬಿಚ್ಚಿದ್ದು ಸೇರಿ ಎಣಿಸಿದೆ. ಹನ್ನೊಂದು.

"ಇನ್ನೊಂದೆಲ್ಲಿ ಸಿಸ್ಟರ್?"

"ಕಿಟಕಿ ಪಕ್ಕದ ಮಗು ಹೋಯಿತಲ್ಲ, ಹತ್ತು ದಿನ ಆಯಿತು. ದತ್ತು."

ಪದ್ಧತಿಯಂತೆ ಕ್ವಿಲ್ಟ್ ಜೊತೆಗೆ ಹೋಗಿತ್ತು.

ಯಾರು, ಯಾವ ಊರು ಎಂಬುದು ಮದರ್ ಒಬ್ಬರಿಗೇ ಗೊತ್ತು. ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇವತ್ತೇ ಬರೆಯುತ್ತೇನೆ. ಹೊಲಿಗೆಯಲ್ಲಿ ದೋಷವಿದೆ, ವಾಪಸ್ ಕಳಿಸಿ ಅಂತ."

"ವಿಷ ಇದೆ ಅಂತ ಬರೆಯಬೇಕಲ್ಲವೇ ಮದರ್?"

"ಥಿಂಕ್, ಚೈಲ್ಡ್. ಹತ್ತು ದಿನದ ಹಿಂದೆ ಬಂದ ಮಗು. ಅದಕ್ಕೆ ವಿಷ ಹತ್ತಿರಬಹುದು ಅಂತ ಬರೆದರೆ ಅವರು ಏನನ್ನು ವಾಪಸ್ ಕಳಿಸುತ್ತಾರೆ? ಕ್ವಿಲ್ಟನ್ನೋ, ಮಗುವನ್ನೋ?"

ಹಾಗೆ ವಾಪಸ್ ಬಂದ ಮಕ್ಕಳನ್ನು ಅವರು ನೋಡಿದ್ದರು. ನಾನು ನೋಡಿರಲಿಲ್ಲ.

ಸೀಬೆಮರದಿಂದ ದೂರ, ಕಾಂಪೌಂಡಿನ ತುದಿಯಲ್ಲಿ ಆಳುದ್ದ ಗುಂಡಿ ತೋಡಿಸಿ ಹನ್ನೊಂದನ್ನೂ ಉಳಿದ ಚೀಲದ ಚೂರುಗಳನ್ನೂ ಹೂಳಿ ಸುಣ್ಣ ಸುರಿದೆವು. ಕತ್ತರಿಯಮ್ಮ ಊರಿಗೆ ಹೋಗಿ, ಪಾತ್ರೆ ಹಿಡಿಯಲೆಂದು ಹೆಂಗಸರು ಒಯ್ದಿದ್ದ ತುಂಡುಗಳನ್ನೂ ಮನೆಮನೆಯಿಂದ ಕೇಳಿ ತಂದಳು. ನರ್ಸರಿಯ ಎರಡು ಮಕ್ಕಳಲ್ಲಿ ಒಂದು ನಿಧಾನವಾಗಿ ನಿದ್ದೆ ಮಾಡಲು ಕಲಿಯಿತು. ಇನ್ನೊಂದು ತೀರಾ ತಡವಾಗಿ ನಡೆಯಿತು.

ಮೂರು ವಾರಕ್ಕೆ ಉತ್ತರ ಬಂತು. ಮದರ್ ಹಾಳೆಯ ಮೇಲ್ಭಾಗವನ್ನು ಹಿಂದಕ್ಕೆ ಮಡಿಚಿ, ಕೆಳಗಿನ ಎರಡು ಸಾಲನ್ನು ಮಾತ್ರ ನನಗೆ ತೋರಿಸಿದರು. ಹೆಣ್ಣಿನ ಕೈಬರಹ, ಒಳ್ಳೆಯ ಇಂಗ್ಲಿಷ್. ಹೊಲಿಗೆಯ ದೋಷ ನಮಗೇನೂ ಕಾಣಲಿಲ್ಲ. ಮಗು ಅದಿಲ್ಲದೆ ಮಲಗುವುದಿಲ್ಲ, ದಯವಿಟ್ಟು ಕೇಳಬೇಡಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ವರ್ಕ್‌ರೂಮಿಗೆ ಹೋಗಿ ಕತ್ತರಿಯಮ್ಮನನ್ನು ಕೇಳಿದೆ, "ಆ ಹನ್ನೆರಡನೇದು ನಿಮ್ಮ ಕೈದು. ಯಾವ ಚೂರು ಎಲ್ಲಿತ್ತು, ನೆನಪಿದೆಯಾ?"

ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತು. "ಅಂಗೇ ಇನ್ನೊಂದಾ?"

"ಅಂಗೇ. ಮಗೂಗೆ ವ್ಯತ್ಯಾಸ ಗೊತ್ತಾಗಬಾರದು."

"ಚೂರಿನ ಮೂಟೆ ಸುರೀರಿ ಮತ್ತೆ."

ದರ್ಜಿಗಳ ಚೂರಿನ ಮೂಟೆಯನ್ನು ನೆಲದ ಮೇಲೆ ಸುರಿದೆವು. ಅವಳು ಕಣ್ಣು ಮುಚ್ಚಿ ಹೇಳುತ್ತ ಹೋದಳು, ನಾನು ಹುಡುಕುತ್ತ ಹೋದೆ. ಎಡಮೂಲೆಗೆ ಹಸಿರು ಚೌಕುಳಿ. ಅದರ ಪಕ್ಕ ಸ್ಕೂಲ್ ಯೂನಿಫಾರಮ್ಮಿನ ನೀಲಿ. ಆಮೇಲೆ ಹಳದಿ ಚುಕ್ಕಿ, ಅದು ಸಣ್ಣದು, ತ್ರಿಕೋಣ. ಹದಿನೇಳು ಚೌಕ ಹಾಗೇ ಸಿಕ್ಕವು. ಮೂರಕ್ಕೆ ಹತ್ತಿರದ ಬಣ್ಣ ಹಾಕಿದೆವು. ಅವಳ ಎರಡು ಬೆರಳು ಆಗಲೇ ಜೋಮು ಹಿಡಿದಿದ್ದವು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಾನು ಪೋಣಿಸಿಕೊಟ್ಟೆ. ಯಾರೂ ದಾರವನ್ನು ಹಲ್ಲಿನಿಂದ ಕಡಿಯಲಿಲ್ಲ.

ಅಡಿಬಟ್ಟೆಗೆ ನನ್ನದೇ ಬಿಳಿ ವಾಯಿಲ್ ಸೀರೆ ತಂದಿದ್ದೆ. ಸ್ಕೂಲ್ ಮುಗಿಸಿದ ದಿನ ಉಟ್ಟಿದ್ದು, ಆಮೇಲೆ ವರ್ಷಗಟ್ಟಲೆ ಉಟ್ಟು ಮೆತ್ತಗಾಗಿತ್ತು. ಕತ್ತರಿಯಮ್ಮ ಅದನ್ನು ಕೆನ್ನೆಗೆ ಒತ್ತಿ ನೋಡಿ, ಕತ್ತರಿ ಹಾಕಿದಳು. ವಾಯಿಲ್ ಜಾರುವ ಬಟ್ಟೆ, ಅಡಿಗೆ ಒಳ್ಳೆಯದಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿ ಬಿರುಸು ಮಾಡಿಕೊಂಡು ಹೊಲಿದೆವು. ಮುಗಿದ ಮೇಲೆ ಹೊಸದೆಂದು ಗೊತ್ತಾಗದಂತೆ ನಾಲ್ಕು ಸಲ ಒಗೆದೆವು.

ಮದರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನೀಟ್ ವರ್ಕ್," ಅಂದರು. ಇದನ್ನು ಇಟ್ಟುಕೊಂಡು ಹಳೆಯದನ್ನು ಕಳಿಸಿ ಎಂದಷ್ಟೇ ಬರೆಯುವುದಾಗಿ ಹೇಳಿ, ಪಾರ್ಸೆಲ್ ಕಟ್ಟಲು ನನಗೇ ಕೊಟ್ಟರು. ವಿಳಾಸವನ್ನು ತಾವೇ ಆಮೇಲೆ ಅಂಟಿಸುತ್ತೇನೆಂದರು.

ಕಟ್ಟುವ ಮುಂಚೆ ನಾನೊಂದು ಚೀಟಿ ಬರೆದೆ. ಹಳೆಯ ಕ್ವಿಲ್ಟಿನ ಒಳಬಟ್ಟೆಯಲ್ಲಿ ಪಾದರಸದ ವಿಷವಿದೆ. ತಪ್ಪು ನನ್ನದು, ಮಗುವಿನದಲ್ಲ. ಅದು ಆರೋಗ್ಯವಂತ ಮಗುವಾಗಿತ್ತು. ದಯಮಾಡಿ ಡಾಕ್ಟರಿಗೆ ತೋರಿಸಿ, ಮಗುವನ್ನು ಬಿಡಬೇಡಿ. ಕೆಳಗೆ ನನ್ನ ಪೂರ್ತಿ ಹೆಸರು. ಅದನ್ನು ಮಡಿಚಿ ಕ್ವಿಲ್ಟಿನ ನಡುಮಡಿಕೆಗೆ ಪಿನ್ ಮಾಡಿ, ಮೇಲೆ ಬಟ್ಟೆ ಸುತ್ತಿ ಅರಗು ಹಚ್ಚಿದೆ. ಮದರ್‌ಗೆ ಹೇಳಲಿಲ್ಲ. ಅವರ ಮಾತು ನಿಜವಾಗಿ ಮಗು ವಾಪಸ್ ಬಂದರೆ ಅದಕ್ಕೂ ನಾನೇ ಹೊಣೆ ಎಂದು ಗೊತ್ತಿತ್ತು. ಈ ಸಲವೂ ಅಕ್ಷರ ಒಳಗೇ ಹೋಯಿತು. ಆದರೆ ಈ ಸಲ ಅದು ಓದಲೆಂದು ಹೋಯಿತು.

ಆಮೇಲೆ ಗೇಟಿನ ಗಂಟೆ ಬಾರಿಸಿದಾಗಲೆಲ್ಲ ಕೈ ನಿಲ್ಲುತ್ತಿತ್ತು. ಯಾರಾದರೂ ಮಗುವನ್ನೆತ್ತಿಕೊಂಡು ಒಳಬರುತ್ತಾರೇನೋ ಎಂದು ಕಿಟಕಿಯತ್ತ ನೋಡುತ್ತಿದ್ದೆ. ಕತ್ತರಿಯಮ್ಮನೂ ನೋಡುತ್ತಿದ್ದಳು. ಅವಳಿಗೆ ಚೀಟಿಯ ವಿಷಯ ಹೇಳಿದ್ದೆ. ಯಾರೂ ಬರಲಿಲ್ಲ. ಕ್ರಿಸ್‌ಮಸ್ ಕಳೆಯಿತು.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಒಂದು ಪಾರ್ಸೆಲ್ ಬಂತು. ಮದರ್ ಮೇಲಿನ ಹೊದಿಕೆ ತೆಗೆದಿಟ್ಟುಕೊಂಡು ಒಳಗಿನದನ್ನು ವರ್ಕ್‌ರೂಮಿಗೆ ಕಳಿಸಿದರು. ಹನ್ನೆರಡನೆಯ ಕ್ವಿಲ್ಟ್. ಒಗೆದು ಮಡಿಚಿದ್ದರು, ಪೌಡರಿನ ವಾಸನೆ ಇನ್ನೂ ಇತ್ತು. ಮಡಿಕೆ ಮಡಿಕೆ ಬಿಡಿಸಿ ಕೊಡವಿದೆ. ಕಾಗದ ಇರಲಿಲ್ಲ. ಒಂದು ಸಾಲೂ ಇರಲಿಲ್ಲ. ನನ್ನ ಚೀಟಿಯ ಪಿನ್ ಮಾತ್ರ ಅಂಚಿಗೆ ಚುಚ್ಚಿಕೊಂಡಿತ್ತು.

ಓದಿದ್ದಾರೆ, ಮಗುವನ್ನು ಇಟ್ಟುಕೊಂಡಿದ್ದಾರೆ ಎಂದು ಒಂದು ಉಸಿರು ಬಿಟ್ಟೆ.

ಕತ್ತರಿಯಮ್ಮ ಕ್ವಿಲ್ಟಿನ ಎಡಮೂಲೆಯನ್ನು ಕೈಗೆ ತೆಗೆದುಕೊಂಡಿದ್ದಳು. ಹಸಿರು ಚೌಕುಳಿ ಅಲ್ಲಿ ಬಣ್ಣ ಕಳೆದುಕೊಂಡು, ಎಳೆ ಬಿಟ್ಟು, ಬೆರಳುದ್ದ ಸವೆದುಹೋಗಿತ್ತು. ಅದರೊಳಗಿನಿಂದ ಅಡಿಬಟ್ಟೆ ಹೊರಗೆ ಬಂದಿತ್ತು. ಮೂರು ಸಲ ಕುಕ್ಕಿ ನಾವು ಬಿಳಿ ಮಾಡಿದ್ದ ಬಟ್ಟೆ. ಅಲ್ಲಿ, ಆ ಮೂಲೆಯಲ್ಲಿ ಮಾತ್ರ, ಒದ್ದೆಯಾಗಿ ಒದ್ದೆಯಾಗಿ, ನೂಲಿನೊಳಗೆ ಉಳಿದಿದ್ದ ಬಣ್ಣ ಎದ್ದು, ಅದು ಮತ್ತೆ ಸಣ್ಣಗೆ ಗುಲಾಬಿಯಾಗಿತ್ತು.

ಕತ್ತರಿಯಮ್ಮ ಜೋಮು ಹಿಡಿಯದ ಬೆರಳಿನಿಂದ ಅದನ್ನು ಸವರಿ ನೋಡಿದಳು.

"ಚೀಪವ್ಳೆ ಮಿಸ್ಸಮ್ಮ," ಅಂದಳು.